ಪೊಟ್ಟಣದ ಮೇಲಿನ ದೇಶ

ಟ್ರಾಯ್, ಮಿಶಿಗನ್
8 ಫೆಬ್ರವರಿ 2009, ಭಾನುವಾರ

ತಮ್ಮ ಚಿದಂಬರನಿಗೆ ಶಾಂತವ್ವನ ಆಶೀರ್ವಾದ.

ಫೋನ್ ಇರುವಾಗ ಅಕ್ಕ ಯಾಕೆ ಪತ್ರ ಬರೆದಳು ಎಂದು ಗಾಬರಿಯಾಗಬೇಡ. ಈ ಮನೆಯಲ್ಲಿ ಫೋನ್ ಈಗ ಅಳಿಯನದು. ಕೇಶವನ ಕಂಪನಿಯವರು ಜನವರಿಯಲ್ಲಿ ಅವನ ವಿಭಾಗವನ್ನೇ ಮುಚ್ಚಿದರು. ಅಂದಿನಿಂದ ಯಾರಾದರೂ ಕೆಲಸಕ್ಕೆ ಕರೆಯಬಹುದೆಂದು ಅಡುಗೆಮನೆಯ ಮೇಜಿನ ಬಳಿ ಫೋನಿನ ಮುಂದೆ ಕೂತಿರುತ್ತಾನೆ. ಅವನ ವೀಸಾ ಕೆಲಸದ ಜೊತೆಗೆ ಕಟ್ಟಿದ್ದು. ಬೇಗ ಬೇರೆ ಕೆಲಸ ಸಿಗದಿದ್ದರೆ ಮೂವರೂ ಈ ದೇಶ ಬಿಡಬೇಕು. ನಾನು ಫೋನಿನಲ್ಲಿ ಐದು ನಿಮಿಷ ಮಾತಾಡಿದರೆ ಅವನು ಗಡಿಯಾರ ನೋಡುತ್ತಾನೆ. ಅದನ್ನು ನೋಡುವುದಕ್ಕಿಂತ ನಲವತ್ತೆರಡು ಸೆಂಟಿನ ಸ್ಟಾಂಪು ಮೇಲು.

ಮೊಮ್ಮಗಳು ನಿಹಾರಿಕಾಗೆ ಮೊನ್ನೆ ಮೂರು ತಿಂಗಳು ತುಂಬಿತು. ಬಣ್ಣ ನಮ್ಮವ್ವನದು, ಗಂಟಲು ಯಾರದೋ ತಿಳಿಯದು. ಸಂಜೆ ಐದಕ್ಕೆ ಶುರುವಾದ ಅಳು ಒಂಬತ್ತಾದರೂ ನಿಲ್ಲುವುದಿಲ್ಲ. ಹೊಟ್ಟೆನೋವು ಎಂದು ನನಗೆ ಮೊದಲ ದಿನವೇ ಗೊತ್ತಾಯಿತು. ತಾನಾಗಿ ಹೋಗುತ್ತದೆ ಎಂದಿದ್ದಾರಂತೆ ಇಲ್ಲಿಯ ಡಾಕ್ಟರು. ಆರು ತಿಂಗಳ ತನಕ ತಾಯಿಹಾಲು ಬಿಟ್ಟು ಏನೂ ಕೊಡಬಾರದಂತೆ, ನೀರು ಕೂಡ. ಬ್ಯಾಡಗಿಯಲ್ಲಿ ನಿನ್ನನ್ನು ಬೆಳೆಸಿದ್ದು ಯಾವ ಡಾಕ್ಟರು ಎಂದು ಶರಣ್ಯಾಳನ್ನು ಕೇಳಿದೆ.

“ಅವ್ವಾ, ಅಲ್ಲೀದು ಅಲ್ಲಿಗೆ. ಇಲ್ಲೆ ಕೂಸಿನ ಬಾಯಾಗ ನೀ ಏನೂ ಹಾಕಂಗಿಲ್ಲ. ಆಣಿ ಮಾಡು,” ಎಂದಳು.

ಹೆತ್ತ ಮಗಳು ನನ್ನಿಂದ ಆಣೆ ಕೇಳುತ್ತಾಳೆ. ಮಾಡಿದೆ.

ಒಂದು ಕೆಲಸವಿದೆ. ನಿನ್ನ ಗೋದಾಮಿನಿಂದ ಜಾಜಿಕಾಯಿಯ ಒಂದು ಪೊಟ್ಟಣ ಕಳಿಸು. ನನಗೇ ಬೇಕು, ಜಾಗ ಬದಲಾಗಿ ನಿದ್ದೆ ಬರುತ್ತಿಲ್ಲ. ನೀವು ತರಿಸುವ ಗ್ರೆನಡಾ ದೇಶದ್ದೇ ಆಗಬೇಕು, ಅದರ ಗುಣ ನನ್ನ ಕೈಗೆ ಗೊತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ಹೆಂಡತಿ ಸತ್ತ ಮೇಲೆ ಅಕ್ಕನೇ ಬಂದು ಮನೆ ನೋಡಿಕೊಳ್ಳುತ್ತಾಳೆಂದು ನೀನು ಅನ್ನ ಮಾಡುವುದನ್ನೂ ಮರೆತಿದ್ದೀ. ನಾನು ಬರುವಷ್ಟರಲ್ಲಿ ನನ್ನ ಅಡುಗೆಮನೆ ಇದ್ದ ಹಾಗೇ ಇರಬೇಕು.

ಶಾಂತವ್ವ


ಡೆಸ್ ಪ್ಲೇನ್ಸ್, ಇಲಿನಾಯ್
13 ಫೆಬ್ರವರಿ 2009

ಪೂಜ್ಯ ಅಕ್ಕನಿಗೆ ಚಿದಂಬರನ ನಮಸ್ಕಾರ.

ನಿನ್ನ ಪತ್ರ ನಿನ್ನೆ ಬಂತು. ಪೊಟ್ಟಣವನ್ನು ಇದರ ಜೊತೆಗೇ ಕಳಿಸಿದ್ದೇನೆ. ನಿನಗೆ ನಿದ್ದೆ ಬರುವುದಿಲ್ಲ ಎಂಬುದನ್ನು ಮೊದಲ ಸಲ ಕೇಳುತ್ತಿದ್ದೇನೆ. ಕೇಶವನ ಚಿಂತೆ ಹಚ್ಚಿಕೊಂಡಿರಬೇಕು.

ಅಷ್ಟು ಸಣ್ಣ ದೇಶ ಏನು ಮಾರಿ ಏನು ತಿನ್ನುತ್ತದೆ ಎಂದು ನೀನು ಯಾವಾಗಲೂ ಕೇಳುತ್ತಿದ್ದೆ. ಕೆರಿಬಿಯನ್ ಸಮುದ್ರದ ಆ ಇಡೀ ಗ್ರೆನಡಾದಲ್ಲಿ ಒಂದು ಲಕ್ಷ ಜನ. ಅವರ ಬಾವುಟದ ಮೇಲೆಯೇ ಜಾಜಿಕಾಯಿಯ ಚಿತ್ರವಿದೆ. 2004ರ ಚಂಡಮಾರುತಕ್ಕೆ ಹತ್ತು ಮರಗಳಲ್ಲಿ ಒಂಬತ್ತು ಬಿದ್ದವು ಎಂದು ಹೇಳಿದ್ದೆನಲ್ಲ, ಹೊಸ ಸಸಿ ಕಾಯಿ ಬಿಡಲು ಏಳೆಂಟು ವರ್ಷ ಬೇಕು. ಹಡಗಿಗೆ ಹತ್ತುವ ಜಾಜಿಕಾಯಿ, ಜಾಪತ್ರೆ ಕಡಿಮೆಯಾಗುತ್ತಲೇ ಇವೆ. ಹಡಗಿನಿಂದ ಇಳಿಯುವುದು ಮಾತ್ರ ಕಡಿಮೆಯಾಗಿಲ್ಲ. ಗೋಧಿ, ಕೋಳಿ, ಸಿಮೆಂಟು, ಎಣ್ಣೆ ಎಲ್ಲವೂ ಹೊರಗಿನಿಂದಲೇ ಬರಬೇಕು. ಸಮುದ್ರ ನೋಡಲು ಹೋಗುತ್ತಿದ್ದ ಅಮೆರಿಕದವರೂ ಈಗ ಮನೆಯಲ್ಲೇ ಕೂತಿದ್ದಾರೆ. ಮಾರುವುದಕ್ಕಿಂತ ಕೊಳ್ಳುವುದೇ ಹಲವು ಪಟ್ಟು ಆದರೆ ಒಂದು ದೇಶ ಹೇಗೆ ಬದುಕುತ್ತದೋ.

ನಮ್ಮಲ್ಲಿಯೂ ಹಾಗೇ ಆಗಿದೆ. ಆಫೀಸಿನಲ್ಲಿ ಹದಿನಾಲ್ಕು ಜನ ಇದ್ದೆವು, ಈಗ ಐದು. ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದ ಗೋಪಿಯನ್ನು ಹೋದ ವಾರ ತೆಗೆದರು. ನಮ್ಮ ಬೀದಿಯ ಅರ್ಧ ಗೋದಾಮುಗಳ ಮುಂದೆ ಬಾಡಿಗೆಗೆ ಇದೆ ಎಂಬ ಬೋರ್ಡು. ಐವತ್ನಾಲ್ಕರ ವಯಸ್ಸಿನಲ್ಲಿ ನನ್ನನ್ನು ಮತ್ತೆ ಯಾರು ತೆಗೆದುಕೊಳ್ಳುತ್ತಾರೆ ಹೇಳು. ಆಮದಿನ ಕಾಗದಪತ್ರಗಳಿಗೆ ಸಹಿ ಹಾಕುವವನು ನಾನೊಬ್ಬನೇ ಉಳಿದಿದ್ದೇನೆ.

ಚಿದಂಬರ


ಟ್ರಾಯ್
19 ಫೆಬ್ರವರಿ 2009

ಚಿದಂಬರನಿಗೆ ಆಶೀರ್ವಾದ.

ಪೊಟ್ಟಣ ಮುಟ್ಟಿತು. ಬಿಚ್ಚಿ ಮೂಸಿದೆ. ಇದು ಗ್ರೆನಡಾದ ಜಾಜಿಕಾಯಿ ಅಲ್ಲ ಅನ್ನಿಸಿತು.

ನಾನು ಮೆಟ್ರಿಕ್ ಮುಗಿಸಿ ಮದುವೆಯಾಗುವ ತನಕ ಅಪ್ಪನ ದಲಾಲಿ ಅಂಗಡಿಯಲ್ಲೇ ಬೆಳೆದವಳು. ಮೆಣಸಿನಕಾಯಿಯ ಚೀಲದ ಬಾಯಿ ಬಿಚ್ಚುವ ಮೊದಲೇ ಯಾವ ಹೊಲದ್ದು ಎಂದು ಹೇಳುತ್ತಿದ್ದೆ, ಅಪ್ಪ ಅದನ್ನು ಗಿರಾಕಿಗಳ ಮುಂದೆ ಹೇಳಿಸುತ್ತಿದ್ದ. ನಿನಗೂ ನೆನಪಿದೆ. ನೀನು ಮೊದಲು ಮನೆಗೆ ತರುತ್ತಿದ್ದ ಕಾಯಿಯದು ಹಗುರ ವಾಸನೆ, ಸೌಮ್ಯ. ಇದನ್ನು ಉಗುರಿನಿಂದ ಗೀರಿದರೆ ಎಣ್ಣೆ ಜಿನುಗುತ್ತದೆ, ಮೂಗಿಗೆ ಹೊಡೆಯುತ್ತದೆ. ಬ್ಯಾಡಗಿ ಪೇಟೆಯಲ್ಲಿ ಸಿಗುತ್ತಿದ್ದ ಹಳೆಯ ಕಾಯಿಯ ಹಾಗೆ.

ಇನ್ನೊಂದು. ಹತ್ತರಲ್ಲಿ ಒಂಬತ್ತು ಮರ ಬಿದ್ದಿವೆ ಎನ್ನುತ್ತೀ. ಆದರೂ ನಿನ್ನ ಪೊಟ್ಟಣಗಳಿಗೆ ಕೊರತೆಯಿಲ್ಲ. ಇಲ್ಲಿಯ ಇಂಡಿಯನ್ ಅಂಗಡಿಯಲ್ಲೂ ಸಾಲಾಗಿ ಕೂತಿವೆ, ಅದೇ ಬಾವುಟದ ಚಿತ್ರ. ಅಪ್ಪ ಇದ್ದಿದ್ದರೆ ಮೊದಲು ಇದನ್ನೇ ಕೇಳುತ್ತಿದ್ದ.

ಇದು ಯಾವ ದೇಶದ್ದು? ಸುತ್ತಿ ಬಳಸಿ ಬರೆಯದೆ ಒಂದು ಮಾತಿನಲ್ಲಿ ಬರೆ. ಯಾಕೆ ಎಂದು ಕೇಳಬೇಡ.

ಶಾಂತವ್ವ


ಟ್ರಾಯ್
20 ಫೆಬ್ರವರಿ 2009

ಚಿದಂಬರ,

ಈ ಪತ್ರವನ್ನು ನಾನು ಅಂಚೆಗೆ ಹಾಕುವುದಿಲ್ಲ. ನನ್ನ ಸೂಟ್‌ಕೇಸಿನಲ್ಲಿ ಸೀರೆಯ ಕೆಳಗೆ ಇಡುತ್ತೇನೆ. ಹೇಳದೆ ಇದ್ದರೆ ಎದೆ ಒಡೆಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಜಾಜಿಕಾಯಿ ನನಗಲ್ಲ, ಕೂಸಿಗೆ. ಆಣೆ ಮಾಡಿದ ಮೂರನೆಯ ದಿನವೇ ಮುರಿದೆ. ಶರಣ್ಯಾ ಸ್ನಾನಕ್ಕೆ ಹೋದಾಗ ಸಾಣೆಕಲ್ಲು ತೆಗೆದು, ಅವಳು ಫ್ರಿಜ್ಜಿನಲ್ಲಿಟ್ಟ ಹಾಲಿನ ಎರಡು ಹನಿ ಹಾಕಿ ತೇಯುತ್ತೇನೆ. ಕೂಸಿಗೆ ಹಾಲು ಕುಡಿಸುವ ಒಳಲೆಯಲ್ಲಿ ತುಂಬಿ ಬಾಯಿಗೆ ಹಾಕಿ, ತುಟಿ ಒರೆಸಿ ಮಲಗಿಸುತ್ತೇನೆ. ಮೊದಲು ನಿನ್ನ ಮನೆಯಿಂದ ಬರುವಾಗ ತಂದ ಹಳೆಯದು ಒಂದು ತುಂಡು ಇತ್ತು, ಅದು ಮುಗಿಯಿತು.

ಬ್ಯಾಡಗಿಯಲ್ಲಿ ಶರಣ್ಯಾಗೆ ಕಲ್ಲಿನ ಮೇಲೆ ಒಂದೇ ಸುತ್ತು ತೇಯುತ್ತಿದ್ದೆ. ನಿನ್ನ ಗ್ರೆನಡಾದ್ದು ಬಂದ ಮೇಲೆ ಅಲ್ಲಿ ನಿನ್ನ ಮನೆಗೇ, ಚಿಕಾಗೋದಲ್ಲಿ ಎಷ್ಟು ಬಾಣಂತಿಯರು ನನ್ನ ಹತ್ತಿರ ಕೇಳಿಕೊಂಡು ಬಂದರು ನಿನಗೆ ಗೊತ್ತು. ಅದರಲ್ಲಿ ಒಂದು ಸುತ್ತಿಗೆ ಏನೂ ಆಗುತ್ತಿರಲಿಲ್ಲ. ಮೂರು ಸುತ್ತು ಎಂದು ನಾನೇ ಲೆಕ್ಕ ಕಟ್ಟಿದೆ. ಎಲ್ಲರಿಗೂ ಅದನ್ನೇ ಹೇಳಿಕೊಟ್ಟೆ.

ಈಗ ಈ ಹೊಸ ಕಾಯಿ ಮೂರು ಸುತ್ತಿನದೋ ಒಂದು ಸುತ್ತಿನದೋ ತಿಳಿಯುತ್ತಿಲ್ಲ. ಮೂಗು ಒಂದು ಅನ್ನುತ್ತದೆ, ಪೊಟ್ಟಣ ಮೂರು ಅನ್ನುತ್ತದೆ. ನಿನ್ನ ಉತ್ತರ ಬರುವ ತನಕ ಒಂದೇ ಸುತ್ತು ಹಾಕುತ್ತೇನೆ. ಕೂಸು ಅಳುತ್ತದೆ. ಕೇಶವನಿಗೆ ಫೋನಿನಲ್ಲೇ ಇಂಟರ್‌ವ್ಯೂ. ಕೂಸು ಅತ್ತಾಗ ಅವನು ಫೋನ್ ಹಿಡಿದು ಹಿಮದಲ್ಲಿ ಕಾರಿನೊಳಗೆ ಹೋಗಿ ಕೂರುತ್ತಾನೆ. ಹೊರಗೆ ಇಲ್ಲಿಯ ಲೆಕ್ಕದಲ್ಲಿ ಒಂಬತ್ತು ಡಿಗ್ರಿ, ನೀರು ಕಲ್ಲಾಗುವ ಚಳಿ. ನಿನ್ನೆ ವಾಪಸು ಬಂದು, “ಪರವಾಗಿಲ್ಲ ಅತ್ತೆ, ಅವರು ಇನ್ನೊಬ್ಬರನ್ನ ತಗೊಂಡ್ರು,” ಎಂದ. ಕೈ ಬೆಚ್ಚಗೆ ಮಾಡಿಕೊಳ್ಳಲು ಸಿಂಕಿನ ಬಿಸಿನೀರಿನ ಕೆಳಗೆ ಹಿಡಿದುಕೊಂಡಿದ್ದ.

ಶಾಂತವ್ವ


ಡೆಸ್ ಪ್ಲೇನ್ಸ್
25 ಫೆಬ್ರವರಿ 2009

ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರ ಓದಿ ಒಂದು ಇಡೀ ದಿನ ನನಗೆ ಕೆಲಸ ಮಾಡಲು ಆಗಲಿಲ್ಲ. ನಿನಗೆ ಯಾರು ಏನು ಹೇಳಿದರು? ಗೋಪಿ ಫೋನ್ ಮಾಡಿದ್ದನೇ? ಕೆಲಸ ಹೋದವರು ಏನೇನೋ ಆಡುತ್ತಾರೆ. ಅಥವಾ ಕೇಶವ ಇಂಟರ್ನೆಟ್ಟಿನಲ್ಲಿ ನೋಡಿ ನಿನ್ನ ಕೈಯಲ್ಲಿ ಕೇಳಿಸಿದನೇ?

ಅದು ಗ್ರೆನಡಾದ್ದೇ. ಹೊಸ ಬೆಳೆ, ಎಣ್ಣೆ ಆರಿಲ್ಲ, ಅದಕ್ಕೇ ವಾಸನೆ ಹೆಚ್ಚು. ಪೊಟ್ಟಣದ ಮೇಲೆ ಏನು ಬರೆದಿದೆಯೋ ಅದೇ ದೇಶ. ನಾನು ಸಹಿ ಹಾಕಿದ ಕಾಗದದ ಮೇಲೂ ಅದೇ ದೇಶ.

ನೀನು ನನ್ನ ಅಕ್ಕ. ಅಪ್ಪನ ಅಂಗಡಿಯ ಹೆಸರು ಎತ್ತಿ ನನ್ನನ್ನು ಹೀಗೆ ಕೇಳಬಾರದಿತ್ತು. ದಯವಿಟ್ಟು ಈ ವಿಷಯ ಫೋನಿನಲ್ಲಿ ಎತ್ತಬೇಡ, ಆಫೀಸಿಗಂತೂ ಬೇಡವೇ ಬೇಡ. ಈಗಿನ ದಿನಗಳಲ್ಲಿ ಒಂದು ಮಾತು ಸಾಕು, ನಾಳೆ ನನ್ನ ಮೇಜೂ ಖಾಲಿ.

ಚಿದಂಬರ


ಫ್ಯಾಕ್ಸ್
ಆಸ್ಪತ್ರೆಯಿಂದ, 10 ಮಾರ್ಚ್ 2009, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ

ಚಿದಂಬರ,

ನೀನು ಪೊಟ್ಟಣದ ಜೊತೆ ಇಟ್ಟ ಬಿಲ್ಲಿನ ಮೇಲೆ ಈ ಫ್ಯಾಕ್ಸ್ ನಂಬರು ಇತ್ತು. ಇಲ್ಲಿ ಒಂಬತ್ತು ಎಂದರೆ ನಿಮ್ಮಲ್ಲಿ ಎಂಟು, ಆಫೀಸು ಈಗ ತೆರೆದಿರಬೇಕು. ನಿಮ್ಮಲ್ಲಿ ಕನ್ನಡ ಓದುವವನು ನೀನೊಬ್ಬನೇ. ಇಲ್ಲಿ ಓದಬಲ್ಲ ಇಬ್ಬರೂ ಒಳಗೆ ಕೂಸಿನ ಹತ್ತಿರ ಇದ್ದಾರೆ. ಮೇಜಿನ ಹಿಂದಿನ ಹುಡುಗಿಗೆ ಕೈಸನ್ನೆ ಮಾಡಿ ಇದನ್ನು ಕಳಿಸುತ್ತಿದ್ದೇನೆ.

ಕೂಸು ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಮಲಗಿದ್ದು ಸಂಜೆಯಾದರೂ ಏಳಲಿಲ್ಲ. ಮುಖ ಕೆಂಪಾಯಿತು, ಬಾಯಿ ಒಣಗಿತ್ತು, ಎದೆ ಹಕ್ಕಿಯ ಎದೆಯ ಹಾಗೆ ಬಡಿಯುತ್ತಿತ್ತು. ಎಬ್ಬಿಸಿದರೆ ಕಣ್ಣು ತೆರೆದು ನನ್ನನ್ನು ನೋಡದೆ ಮತ್ತೆ ಮುಚ್ಚುತ್ತದೆ. ರಕ್ತ ತೆಗೆದರು, ಬೆನ್ನಿನಿಂದ ನೀರು ತೆಗೆದರು. ಏನೂ ಸಿಕ್ಕಿಲ್ಲ. ಏನು ಕೊಟ್ಟಿದ್ದೀರಿ ಎಂದು ಮೂರು ಸಲ ಕೇಳಿದರು. ಹಾಲು ಎಂದು ಶರಣ್ಯಾ ಹೇಳಿದಳು. ನಾನು ತಲೆಯಾಡಿಸಿದೆ.

ನಾನು ಕೂಸಿಗೆ ಆ ಜಾಜಿಕಾಯಿ ತೇದು ಹಾಕುತ್ತಿದ್ದೇನೆ. ನಿನ್ನ ಪತ್ರ ಬಂದ ಮೇಲೆ ಒಂದು ಸುತ್ತಿನಿಂದ ಮೂರು ಸುತ್ತಿಗೆ ಏರಿಸಿದೆ. ನಿನ್ನೆ ಹನ್ನೊಂದಕ್ಕೆ ಕೇಶವನಿಗೆ ಫೋನ್ ಇತ್ತು, ಒಂದು ಕೆಲಸಕ್ಕೆ ಕೊನೆಯ ಹಂತದ ಮಾತು. ಕೂಸು ಅಳಬಾರದೆಂದು ಐದು ಸುತ್ತು ತೇದೆ. ಹೊಟ್ಟೆನೋವಿಗಲ್ಲ. ಮನೆ ಸದ್ದಿಲ್ಲದೆ ಇರಲಿ ಎಂದು.

ನಿನ್ನೆ ಸಂಜೆ ಫೋನಿನಲ್ಲಿ, ಕೂಸಿಗೆ ಹುಷಾರಿಲ್ಲ, ಆ ಪೊಟ್ಟಣ ಅದೇ ದೇಶದ್ದು ಹೌದೋ ಅಲ್ಲವೋ ಎಂದು ಕೇಳಿದೆ. ಕೇಶವ ಪಕ್ಕದಲ್ಲಿದ್ದ, ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ. “ಅದ ದೇಶದ್ದ ಅಕ್ಕಾ, ಈಗ್ಯಾಕ ಆ ಮಾತು,” ಎಂದೆ ನೀನು.

ಗ್ರೆನಡಾದ್ದಾದರೆ ಐದು ಸುತ್ತಿಗೆ ಇಷ್ಟಾಗುವುದಿಲ್ಲ. ಆಗ ಕಾರಣ ಬೇರೆ. ಸುಮ್ಮನೆ ಬಾಯಿಬಿಟ್ಟರೆ ಸರ್ಕಾರದವರು ಬಂದು ಕೂಸನ್ನು ತಾಯಿಯಿಂದ ಬಿಡಿಸಿ ಒಯ್ಯುತ್ತಾರೆ ಎನ್ನುತ್ತಾರೆ. ಅಲ್ಲದಿದ್ದರೆ ನಾನು ಈಗಲೇ ಹೇಳಬೇಕು. ಹತ್ತು ಗಂಟೆಗೆ ತಲೆಯ ಫೋಟೋ ತೆಗೆಯಲು ಕರೆದೊಯ್ಯುತ್ತಾರೆ. ಕದಲಬಾರದೆಂದು ಅದಕ್ಕೆ ಮತ್ತೆ ನಿದ್ದೆಯ ಔಷಧ ಕೊಡುತ್ತಾರಂತೆ. ನಿದ್ದೆಯ ಮೇಲೆ ನಿದ್ದೆ.

ಯಾವ ದೇಶದ್ದು? ನಾನು ಈ ಮೆಷೀನಿನ ಮುಂದೆ ನಿಂತಿದ್ದೇನೆ.


ಫ್ಯಾಕ್ಸ್
ಡೆಸ್ ಪ್ಲೇನ್ಸ್, 10 ಮಾರ್ಚ್ 2009, ಎಂಟು ಗಂಟೆ ಹದಿನೇಳು ನಿಮಿಷ

ಅಕ್ಕಾ,

ಗ್ರೆನಡಾದ್ದಲ್ಲ. ಇಂಡೋನೇಷ್ಯಾದ್ದು. ಅಕ್ಟೋಬರಿನಿಂದ ಎಲ್ಲವೂ ಅದೇ. ಹಳೆಯ ಪೊಟ್ಟಣಗಳು ಅಚ್ಚಾಗಿ ಉಳಿದಿದ್ದವು, ಅವುಗಳಲ್ಲೇ ತುಂಬಿದೆವು. ಅದು ಹೆಚ್ಚು ತೀಕ್ಷ್ಣ ಎಂದು ನನಗೆ ಗೊತ್ತಿತ್ತು, ಬೇಕರಿಯವರು ಹೇಳಿದ್ದರು.

ಯಾವ ದೇಶದ್ದಾದರೂ ಡಾಕ್ಟರಿಗೆ ಈಗಲೇ ಹೇಳು. ನನ್ನ ಮಾತಿಗಾಗಿ ಕಾಯಬೇಡ. ಎರಡನೆಯ ಹಾಳೆಯಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ನನ್ನ ಹೆಸರು, ಸಹಿ ಹಾಕಿದ್ದೇನೆ. ಅದನ್ನು ಅವರ ಕೈಗೆ ಕೊಡು. ಓಡು ಅಕ್ಕಾ.


ಟ್ರಾಯ್
17 ಮಾರ್ಚ್ 2009

ಚಿದಂಬರನಿಗೆ,

ಕೂಸು ಬದುಕಿದೆ ಎಂದು ಕೇಶವ ನಿನಗೆ ಫೋನಿನಲ್ಲಿ ಹೇಳಿದ್ದಾನೆ. ಉಳಿದದ್ದನ್ನು ನಾನು ಬರೆಯಬೇಕು.

ಎರಡು ಹಾಳೆ ಹಿಡಿದು ಒಳಗೆ ಹೋದಾಗ ಕೂಸನ್ನು ಗಾಲಿಯ ಮಂಚಕ್ಕೆ ಹಾಕಿಯಾಗಿತ್ತು. ನಿನ್ನ ಇಂಗ್ಲಿಷ್ ಹಾಳೆಯನ್ನು ಡಾಕ್ಟರಮ್ಮನ ಕೈಗೆ ಕೊಟ್ಟೆ. ಆಕೆ ಓದಿ ನನ್ನನ್ನು ಏನೋ ಕೇಳಿದಳು. ನನ್ನ ಇಂಗ್ಲಿಷ್ ಅಂಗಡಿಯಲ್ಲಿ ಹಾಲು ಕೇಳುವಷ್ಟು. ಎಷ್ಟು, ಯಾವಾಗ, ಎಷ್ಟು ದಿನದಿಂದ, ಇದೆಲ್ಲ ಹೇಳಬೇಕಾದರೆ ನನ್ನ ಬಾಯಿ ಸಾಲದು. ಅಲ್ಲಿ ಕನ್ನಡ ತಿಳಿದವರು ಇಬ್ಬರೇ.

“ಶರಣ್ಯಾ, ನಾ ಹೇಳಿದ್ದನ್ನ ಆಕಿಗೆ ಹೇಳು. ಒಂದು ಮಾತೂ ಬಿಡಬ್ಯಾಡ,” ಎಂದೆ.

ನಾನು ಒಂದು ವಾಕ್ಯ ಹೇಳುವುದು, ಅವಳು ಅದನ್ನು ಇಂಗ್ಲಿಷಿಗೆ ಹಾಕುವುದು. ಆಣೆ ಮುರಿದದ್ದನ್ನು ಹಾಕಿದಳು. ಸ್ನಾನದ ಹೊತ್ತನ್ನು ಹಾಕಿದಳು. ಅವಳ ಹಾಲನ್ನೇ ಕದ್ದು ಕಲಸಿದ್ದನ್ನು ಹೇಳಿದಾಗ ನನಗೆ ಬೆನ್ನು ತಿರುಗಿಸಿದಳು. ಕೇಶವ ಅವಳ ಭುಜ ಹಿಡಿದು ಕೂರಿಸಿ, “ನೀವು ಹೇಳಿ ಅತ್ತೆ, ನಾನ್ ಹೇಳ್ತೀನಿ,” ಎಂದ.

ಐದು ಸುತ್ತಿನ ಕಾರಣವನ್ನು ಹಾಗಾಗಿ ಅವನಿಗೇ ಹೇಳಬೇಕಾಯಿತು. ನಿನ್ನ ಫೋನಿಗಾಗಿ, ಎಂದೆ. ಅವನು ಡಾಕ್ಟರಮ್ಮನ ಕಡೆ ತಿರುಗಿ ಅದನ್ನೂ ಹೇಳಿದ, ಒಂದು ಮಾತೂ ಬಿಡದೆ. ನನ್ನ ತಪ್ಪನ್ನು ಮೆತ್ತಗೆ ಮಾಡುವ ಪ್ರಯತ್ನ ಮಾಡಲಿಲ್ಲ. ಅದಕ್ಕಾಗಿ ಅವನ ಮೇಲೆ ನನಗೆ ಗೌರವ ಹೆಚ್ಚಾಯಿತು.

ಗಾಲಿಯ ಮಂಚವನ್ನು ವಾಪಸು ತಿರುಗಿಸಿದರು. ನಿದ್ದೆಯ ಔಷಧ ಕೊಡಲಿಲ್ಲ. ವಿಷದ ಬಗ್ಗೆ ತಿಳಿದವರಿಗೆ ಫೋನ್ ಮಾಡಿ ಕೇಳಿ, ನೀರಿನ ಸೂಜಿ ಹಾಕಿ, ಎದೆಬಡಿತದ ಮೆಷೀನ್ ಕಟ್ಟಿ ಕಾಯುತ್ತ ಕೂತರು. ಬುಧವಾರ ಬೆಳಗಿನ ಜಾವ ಕೂಸು ಅತ್ತಿತು. ಹೊರಗಿನ ಕುರ್ಚಿಯಲ್ಲಿ ಕೂತು ಆ ಅಳುವನ್ನು ಕೇಳಿದೆ. ಒಳಗೆ ಹೋಗಲು ನನ್ನನ್ನು ಯಾರೂ ಕರೆಯಲಿಲ್ಲ.

ಶುಕ್ರವಾರ ಮನೆಗೆ ಒಬ್ಬ ಸರ್ಕಾರದ ಹೆಂಗಸು ಬಂದಳು. ಅಡುಗೆಮನೆ, ತೊಟ್ಟಿಲು, ನನ್ನ ಸಾಣೆಕಲ್ಲು ಎಲ್ಲದರ ಫೋಟೋ ತೆಗೆದಳು. ಕೂಸು ಇಲ್ಲೇ ಇರಬಹುದಂತೆ. ನಾನು ಅದರ ಜೊತೆ ಒಬ್ಬಳೇ ಇರಕೂಡದಂತೆ. ಆ ಕಾಗದಕ್ಕೆ ಸಹಿ ಹಾಕಿದೆ. ಇನ್ನೂ ಎರಡು ಸಲ ಬರುತ್ತಾಳೆ. ಕರೆಗಂಟೆ ಆದರೆ ನನ್ನ ಕೈಯಲ್ಲಿದ್ದದ್ದು ಬೀಳುತ್ತದೆ.

ಶರಣ್ಯಾ ಊಟಕ್ಕೆ ಬಡಿಸುತ್ತಾಳೆ, ಮಾತಾಡುವುದಿಲ್ಲ. ಕೂಸನ್ನು ಬಚ್ಚಲಿಗೂ ತನ್ನ ಜೊತೆಗೇ ಒಯ್ಯುತ್ತಾಳೆ.

ಫೆಬ್ರವರಿ ಇಪ್ಪತ್ತನೆಯ ತಾರೀಖಿನ ಒಂದು ಪತ್ರವನ್ನೂ ಇದರೊಳಗೆ ಇಟ್ಟಿದ್ದೇನೆ. ಅಂದೇ ಹಾಕಿದ್ದರೆ ನೀನು ಸುಳ್ಳು ಬರೆಯುತ್ತಿರಲಿಲ್ಲ. ಅದು ನನಗೆ ಗೊತ್ತು. ನನ್ನ ಮೂಗು ನಿಜ ಹೇಳಿತ್ತು, ಆದರೂ ನೀನು ಬರೆದದ್ದನ್ನು ನಂಬಿದೆ. ನಿನ್ನನ್ನು ಬೈಯಲು ಎರಡು ಸಲ ಕೂತೆ. ಆಗಲಿಲ್ಲ.

ಶಾಂತವ್ವ


ಡೆಸ್ ಪ್ಲೇನ್ಸ್
21 ಮಾರ್ಚ್ 2009

ಅಕ್ಕನಿಗೆ ನಮಸ್ಕಾರ.

ನೀನು ಬೈದಿದ್ದರೆ ಚೆನ್ನಾಗಿತ್ತು. ಇಪ್ಪತ್ತನೆಯ ತಾರೀಖಿನ ಪತ್ರವನ್ನು ನಿಂತುಕೊಂಡೇ ಓದಿದೆ. ನೀನು ಅದನ್ನು ಬರೆದ ಹೊತ್ತಿನಲ್ಲಿ ನಾನು ನನ್ನ ಮೇಜಿನ ಚಿಂತೆ ಮಾಡುತ್ತ ಕೂತಿದ್ದೆ. ನೀನು ನನ್ನ ಕಳ್ಳತನ ಹಿಡಿಯಲು ಕೇಳುತ್ತಿದ್ದೀ ಎಂದೇ ಅಂದುಕೊಂಡೆ. ಗೋಪಿಯೂ ಇದನ್ನೇ ಕೇಳಿದ್ದ. ಅವನನ್ನು ಅದಕ್ಕೇ ತೆಗೆದದ್ದು. ಅದನ್ನೂ ನಿನಗೆ ಬರೆಯಲಿಲ್ಲ.

ಹನ್ನೊಂದನೆಯ ತಾರೀಖು ಮಾಲೀಕನ ಹತ್ತಿರ ಹೋಗಿ, ಪೊಟ್ಟಣಗಳನ್ನು ವಾಪಸು ತರಿಸಬೇಕು ಎಂದೆ. ಮಾರುಕಟ್ಟೆ ಬಿದ್ದ ಈ ಹೊತ್ತಿನಲ್ಲಿ ವಾಪಸು ತರಿಸಿದರೆ ಅಂಗಡಿಗಳೇ ಕೈಬಿಡುತ್ತವೆ, ಜಾಜಿಕಾಯಿ ಜಾಜಿಕಾಯಿಯೇ ಎಂದ. ಹಾಗಾದರೆ ನನ್ನ ಸಹಿ ಇನ್ನು ಸಿಗುವುದಿಲ್ಲ ಎಂದೆ. ಸಂಜೆಗೆ ನನ್ನ ಕೆಲಸ ಹೋಯಿತು, ಕೋಟನ್ನು ಬಾಗಿಲ ಬಳಿ ತಂದಿಟ್ಟಿದ್ದರು. ಆಹಾರ ನೋಡಿಕೊಳ್ಳುವ ಸರ್ಕಾರದ ಆಫೀಸಿಗೆ ಎಲ್ಲವನ್ನೂ ಬರೆದು ಹಾಕಿದ್ದೇನೆ. ನನ್ನ ಮೇಲೂ ವಿಚಾರಣೆ ಆಗಬಹುದು. ಆಗಲಿ.

ಆದರೆ ಅಕ್ಕ, ನನಗೆ ಭಯ ಬೇರೆಯದು. ಸರ್ಕಾರ ನಿಧಾನ. ಪೊಟ್ಟಣಗಳು ಹನ್ನೊಂದು ಅಂಗಡಿಗಳಲ್ಲಿವೆ, ನಾಲ್ಕು ನಿಮ್ಮ ಡೆಟ್ರಾಯ್ಟ್ ಕಡೆ. ನಾನು ಈ ಕಡೆಯ ಏಳೂ ಅಂಗಡಿಗಳಿಗೆ ಡ್ರೈವ್ ಮಾಡಿಕೊಂಡು ಹೋದೆ. ಮೂವರು ಕಪಾಟಿನಿಂದ ತೆಗೆದರು, ಉಳಿದವರು ನಕ್ಕರು. ಕೊಂಡವರ ಮನೆಗಳಲ್ಲಿ ಇರುವುದನ್ನು ಯಾರು ತೆಗೆಯುತ್ತಾರೆ? ಪಾಯಸಕ್ಕೆ ಚಿಟಿಕೆ ಹಾಕುವವರ ಚಿಂತೆ ನನಗಿಲ್ಲ. ಸಾಣೆಕಲ್ಲು ಇಟ್ಟುಕೊಂಡವರಿದ್ದಾರಲ್ಲ. ಮೂರು ಸುತ್ತಿನ ಲೆಕ್ಕ ಎಲ್ಲಿಂದ ಎಲ್ಲಿಗೆ ಹೋಗಿದೆಯೋ ನಿನಗೇ ಗೊತ್ತು. ಇದನ್ನು ಗಂಡಸು ಹೇಳಿದರೆ ಯಾರೂ ಕೇಳುವುದಿಲ್ಲ.

ಚಿದಂಬರ


ಟ್ರಾಯ್
29 ಮಾರ್ಚ್ 2009, ಭಾನುವಾರ

ಚಿದಂಬರನಿಗೆ ಆಶೀರ್ವಾದ.

ನಿನ್ನ ಪತ್ರ ಓದಿದೆ. ಮೂರು ಸುತ್ತು ಎಂದು ನಾನು ಯಾರು ಯಾರಿಗೆ ಹೇಳಿದ್ದೆ ಎಂದು ಹೆಸರು ಬರೆಯಲು ಕೂತೆ. ಇಪ್ಪತ್ತಾರು ಹೆಸರು ಬಂದವು. ಅವರು ಯಾರಿಗೆ ಹೇಳಿದರೋ. ಕೇಶವನ ಮುಂದೆ ಹಾಳೆ ಇಟ್ಟೆ. ಆ ಕೆಲಸದ ಕರೆ ಇನ್ನೂ ಬಂದಿಲ್ಲ, ಆದರೂ ಅವನು ಫೋನನ್ನು ನನ್ನ ಕಡೆ ಸರಿಸಿದ. ಎರಡು ದಿನ ಅದು ನನ್ನ ಕೈಯಲ್ಲೇ ಇತ್ತು. ಹತ್ತೊಂಬತ್ತು ಜನ ಸಿಕ್ಕರು.

ನಿನ್ನೆ ಇಲ್ಲಿಯ ಕನ್ನಡದವರ ಯುಗಾದಿ ಊಟ ಒಂದು ಶಾಲೆಯ ಸಭಾಂಗಣದಲ್ಲಿತ್ತು. ಹೋಗಲೇಬೇಕು ಎಂದೆ. ಶರಣ್ಯಾಳೂ ಕೂಸನ್ನು ಎತ್ತಿಕೊಂಡು ಬಂದಳು. ಪಂಕ್ತಿಗಳು ಕೂತ ಮೇಲೆ, ಎರಡು ನಿಮಿಷ ಮಾತಾಡಬೇಕು ಎಂದು ಅಧ್ಯಕ್ಷರ ಹೆಂಡತಿ ಪದ್ಮಳಿಗೆ ಹೇಳಿದೆ. ಹಾಡು ಹೇಳುತ್ತೇನೆ ಅಂದುಕೊಂಡು ನಗುತ್ತಾ ಮೈಕ್ ಕೊಟ್ಟಳು.

ನಾನು ಯಾರ ಮುಂದೆಯೂ ತಪ್ಪು ಒಪ್ಪಿಕೊಂಡವಳಲ್ಲ. ನಿನ್ನ ಭಾವನ ಮುಂದೆಯೂ ಇಲ್ಲ. ಮೇಜು ಹಿಡಿದು ನಿಂತೆ. ನಾನು ಯಾರು, ನನ್ನ ಮೊಮ್ಮಗಳಿಗೆ ಏನು ಮಾಡಿದೆ, ಯಾವ ಕಾರಣಕ್ಕೆ ಮಾಡಿದೆ, ಎಲ್ಲ ಹೇಳಿದೆ. ಪೊಟ್ಟಣವನ್ನು ಎತ್ತಿ ತೋರಿಸಿದೆ.

ಮುಂದಿನ ಸಾಲಿನಲ್ಲಿದ್ದ ಮೈಸೂರಿನ ಕಡೆಯ ಒಬ್ಬ ಹಿರಿಯಳು, “ನಾವೂ ನಾಲ್ಕು ಮಕ್ಕಳಿಗೆ ತೇದು ಹಾಕಿದೀವಮ್ಮ, ಏನಾಗಿದೆ? ನಿಮ್ಮ ಕೈಗೆ ಅಳತೆ ಗೊತ್ತಿಲ್ಲ, ಅಷ್ಟೆ,” ಎಂದಳು.

ಮೊದಲಾಗಿದ್ದರೆ ನಾನು ಆಕೆಗೆ ಏನು ಹೇಳುತ್ತಿದ್ದೆ ಎಂದು ನಿನಗೆ ಗೊತ್ತು. “ನನ್ನ ಕೈಗೂ ಗೊತ್ತೈತಿ ಅಂತನ ನಾ ತಿಳಿದಿದ್ದೆ,” ಎಂದೆ. “ಯಾವ ದೇಶದ್ದೂ ಬ್ಯಾಡ, ಒಂದು ಸುತ್ತೂ ಬ್ಯಾಡ.”

ಆಗ ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದಳು. ನನ್ನ ವಯಸ್ಸಿನವಳೇ, ಕಂದು ಬಣ್ಣದ ಶಾಲು. ಬಡಿಸಿದ ತಟ್ಟೆಯನ್ನು ಅಲ್ಲೇ ಬಿಟ್ಟು ಬಾಗಿಲ ಕಡೆ ಹೊರಟಳು. ನಡೆಯುತ್ತಿದ್ದವಳು ಅರ್ಧದಲ್ಲಿ ಓಡತೊಡಗಿದಳು. ಅವಳಿಗೆ ಕಾರು ಬರುವುದಿಲ್ಲ, ಫೋನೂ ಇದ್ದ ಹಾಗಿರಲಿಲ್ಲ. ಮಗ ಸೊಸೆ ಕೂಸಿನ ಜೊತೆ ಮನೆಯಲ್ಲಿದ್ದಾರೆ, ಯಾರದೋ ಜೊತೆ ಬಂದಳು ಎಂದು ಪಕ್ಕದವರು ಹೇಳಿದರು. ಮನೆ ಯಾವ ಕಡೆ ಎಂದು ಯಾರಿಗೂ ತಿಳಿಯದು.

ಕೇಶವ ಕೀಲಿ ತೆಗೆದುಕೊಂಡು ಹಿಂದೆ ಓಡಿದ. ಶರಣ್ಯಾ ಎದ್ದು ನಿಂತಳು. ಅತ್ತ ಬಾಗಿಲು ನೋಡಿದಳು, ಇತ್ತ ನನ್ನನ್ನು ನೋಡಿದಳು. ಹದಿನೆಂಟು ದಿನದಿಂದ ನನ್ನ ಹತ್ತಿರ ಬಿಡದ ಕೂಸನ್ನು ತಂದು ನನ್ನ ಕೈಗೆ ಕೊಟ್ಟಳು.

“ಹಿಡ್ಕೊ ಅವ್ವಾ. ಆಕಿಗೆ ಆಸ್ಪತ್ರ್ಯಾಗ ಮಾತಾಡವ್ರು ಬೇಕು,” ಎಂದು ಹೊರಗೆ ಓಡಿದಳು.

ನಾನು ಅಲ್ಲೇ ಕೂತೆ. ಪದ್ಮ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಒಬ್ಬಳೇ ಇರಬಾರದೆಂಬ ಕಾಗದದ ವಿಷಯ ಅವಳಿಗೆ ಗೊತ್ತಿಲ್ಲದಿದ್ದರೂ ಕೂತಳು. ಹೊರಗೆ ಕಾರು ಹೊರಟ ಸದ್ದು ಕೇಳಿತು. ಆ ಹೆಂಗಸಿನ ಮನೆಯ ಕೂಸು ಎದ್ದಿದೆಯೋ ಇಲ್ಲವೋ ಎಂದು ತಿಳಿಯಲು ನಮಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಎದ್ದಿತ್ತು. ಅಪ್ಪನ ಮೊಳಕಾಲಿನ ಮೇಲೆ ಕೂತು ನಗುತ್ತಿತ್ತಂತೆ. ಆ ಹೆಂಗಸು ಅಂದು ಬೆಳಿಗ್ಗೆಯೇ ಪೊಟ್ಟಣ ಒಡೆದಿದ್ದಳು, ಸಂಜೆಗೆ ತೇಯುವವಳಿದ್ದಳು; ಅಷ್ಟರಲ್ಲಿ ಸೊಸೆ ತೇದು ಹಾಕಿಬಿಟ್ಟಳೋ ಎಂದು ಓಡಿದ್ದಳಂತೆ.

ಆ ಒಂದು ಗಂಟೆಯ ವಿಷಯ ನಿನಗೆ ಹೇಳಬೇಕು, ಬೇರೆ ಯಾರಿಗೂ ಹೇಳಲಾರೆ. ನಿಹಾರಿಕಾ ನನ್ನ ಸೆರಗು ಹಿಡಿದು ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತು ಆಡಿದಳು. ಆಮೇಲೆ ಆಕಳಿಸಿದಳು. ಅವಳ ಮಲಗುವ ಹೊತ್ತು ಅದು, ಹೊಟ್ಟೆ ತುಂಬಿತ್ತು. ಕಣ್ಣು ಒಮ್ಮೆ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ನಾನು ಅವಳ ಅಂಗಾಲು ತಟ್ಟಿದೆ. ಕೆನ್ನೆ ಮುಟ್ಟಿದೆ. ಹೆಸರು ಕರೆದೆ.

“ನಿದ್ದೆ ಬಂದಿದೆ ಪಾಪ, ಮಲಗಲಿ ಬಿಡಿ ಆಂಟಿ,” ಎಂದಳು ಪದ್ಮ.

ಬಿಡಲಾಗಲಿಲ್ಲ, ಚಿದಂಬರ.

ಶಾಂತವ್ವ